ಪನ್‌ಡುಬ್ಬಿ ಸಾಹೇಬರು

ಚೆನ್ನಾಗಿರುವ ಯಂತ್ರವನ್ನು ಯಾರೂ ಮಾರುವುದಿಲ್ಲ. ನನ್ನ ಕಸುಬಿನ ಮೊದಲ ಪಾಠ ಇದು. ಸನತ್‌ನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹಳೆಯ ಡೀಸೆಲ್ ಜನರೇಟರುಗಳನ್ನು ಕೊಂಡು, ರಿಪೇರಿ ಮಾಡಿಸಿ ಮಾರುವ ಯಾರ್ಡು ನನ್ನದು. ಬಾಗಲಕೋಟೆ ಕಡೆಯಿಂದ ಈ ಊರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ನಟ್ಟು ಬಿಚ್ಚುವ ಒಂದು ಚೀಲ ಪಾನಾ ಮತ್ತು ಹುಟ್ಟಿನಿಂದ ಬಂದ ಗುಮಾನಿ. ಪಾನಾಗಳು ಒಂದೊಂದಾಗಿ ಕಳೆದುಹೋದವು. ಗುಮಾನಿ ಉಳಿಯಿತು, ಅದರಿಂದಲೇ ಯಾರ್ಡು ಆಯಿತು. ನೀವೂ ಅಷ್ಟೇ, ಹಳೆಯದು ಏನೇ ಕೊಳ್ಳಿ, ಸ್ಕೂಟರೋ ಫ್ರಿಜ್ಜೋ, ಮಾರುವವನನ್ನು ಮೊದಲು ಒಂದೇ ಮಾತು ಕೇಳಿ: “ಯಾಕ್ರಿ ಮಾರಾಕತ್ತೀರಿ?” ಉತ್ತರ ಏನು ಅನ್ನುವುದು ಮುಖ್ಯವಲ್ಲ. ಉತ್ತರ ಕೊಡುವ ಮುಂಚೆ ಅವನ ಕಣ್ಣು ಎಲ್ಲಿಗೆ ಹೋಗುತ್ತದೆ, ಅದನ್ನು ನೋಡಿ.

ಈ ಪಾಠವನ್ನು ಒಪ್ಪದವರು ಒಬ್ಬರಿದ್ದರು. ಇತ್ತೀಚೆಗೆ ತೀರಿಕೊಂಡರು. ಹೆಸರು ಬರೆಯುವುದಿಲ್ಲ, ಯಾಕೆ ಎನ್ನುವುದು ಓದುತ್ತಾ ಹೋದರೆ ಗೊತ್ತಾಗುತ್ತದೆ. ನಮ್ಮ ಯಾರ್ಡಿನ ಮಿಸ್ತ್ರಿ ಅವರಿಗೆ ಇಟ್ಟ ಹೆಸರು ‘ಪನ್‌ಡುಬ್ಬಿ ಸಾಬ್’. ನೀರಿನೊಳಗೆ ಮುಳುಗಿ ಸಾಗುವ ಹಡಗಿಗೆ, ಅಂದರೆ ಜಲಾಂತರ್ಗಾಮಿಗೆ, ಈ ಊರಿನ ಹಿಂದಿಯಲ್ಲಿ ಪನ್‌ಡುಬ್ಬಿ ಅನ್ನುತ್ತಾರೆ.

ಮೊದಲ ಸಲ ಬಂದದ್ದು ಗಿರಾಕಿಯಾಗಿ. ಗಚ್ಚಿಬೌಲಿಯ ಅವರ ಅಪಾರ್ಟ್‌ಮೆಂಟಿಗೆ ಒಂದು ಜನರೇಟರ್ ಬೇಕಾಗಿತ್ತು, ಸಂಘದವರು ಇವರನ್ನು ಕಳಿಸಿದ್ದರು. ತೆಳ್ಳನೆಯ ಆಳು, ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಸದ್ದಾಗದ ರಬ್ಬರ್ ಚಪ್ಪಲಿ. ಬೆನ್ನ ಹಿಂದೆ ಬಂದು ನಿಂತದ್ದು ನನಗೆ ಗೊತ್ತೇ ಆಗಲಿಲ್ಲ. ನಾನು ಹಿಂದಿಯಲ್ಲಿ ಮಾಲು ಹೊಗಳಲು ಶುರುಮಾಡಿದೆ. ಅವರು ಜೇಬಿನಿಂದ ಒಂದು ಸಣ್ಣ ಕಬ್ಬಿಣದ ಸರಳು ತೆಗೆದು, ಒಂದು ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೆ ಒತ್ತಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಹಿಡಿದು ಕಣ್ಣು ಮುಚ್ಚಿದರು.

“ಸೇಠ್, ಉನೋ ಲೋಹಾ ಖಾರೈ ಕ್ಯಾ?” ಕಬ್ಬಿಣ ತಿನ್ನಾಕತ್ಯಾರೇನು ಎಂದು ಮಿಸ್ತ್ರಿ ನನ್ನ ಕಿವಿಯಲ್ಲಿ ಕೇಳಿದ.

ಸರಳನ್ನು ಕಿವಿಗೆ ಹಚ್ಚಿ ಇಂಜಿನ್ ಕೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾನೂ ಹಾಗೆಯೇ ಕೇಳುತ್ತೇನೆ. ಹಲ್ಲಿಗೆ ಹಚ್ಚುವವರನ್ನು ನೋಡಿರಲಿಲ್ಲ. ಎದುರಿನ ಯಾರ್ಡಿನವನು ಕಳಿಸಿದ ಆಳೇ ಇರಬೇಕು ಅನಿಸಿತು. “ಎಲ್ಲಿಂದ ಬರ್ತಾವಪ್ಪಾ ಇಂಥಾವು!” ಎಂದು ನನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದೆ.

ಅವರು ಹಲ್ಲಿನಿಂದ ಸರಳು ಬಿಡಿಸಿಕೊಂಡು, ಕರವಸ್ತ್ರದಿಂದ ಒರೆಸಿ ಹೇಳಿದರು: “ಧಾರವಾಡದಿಂದ್ರಿ. ಮಷೀನ್ ಚಲೋ ಐತಿ. ಆದ್ರ ನೀವು ಹೇಳಿದ್ದರಾಗ ಅರ್ಧಾ ಸುಳ್ಳ ಐತಿ. ಒಂದ್ ಬೇರಿಂಗ್ ಬದಲಿ ಮಾಡಸ್ರಿ, ತಗೊಂಡ್ ಹೋಗ್ತೀನಿ.”

ಸರಿಯಾಗಿಯೇ ಹೇಳಿದ್ದರು. ಬೇರಿಂಗ್ ಬದಲಿಸಿದೆ, ಮಾಲು ಹೋಯಿತು, ಮನುಷ್ಯರು ಉಳಿದರು. ಸಂಜೆ ಚಹಾಕ್ಕೆ ಬರತೊಡಗಿದರು. ಯಾಕೆ ಬರುತ್ತಾರೆ? ಇದೂ ನನಗೆ ಗುಮಾನಿಯೇ. ಕೊನೆಗೆ ಅವರೇ ಹೇಳಿದರು, ಇಂಜಿನ್ನುಗಳ ಸಪ್ಪಳ ಕೇಳದೆ ದಿನ ಹೋಗುವುದಿಲ್ಲವಂತೆ, ಮನೆಯಲ್ಲಿ ಮಿಕ್ಸರ್ ಬಿಟ್ಟರೆ ಬೇರೇನೂ ಇಲ್ಲವಂತೆ.

ಇಲ್ಲಿಯ ಒಂದು ಸರಕಾರಿ ರಕ್ಷಣಾ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವರು. ನೌಕೆಗಳಿಗೆ ಹೋಗುವ ಪಂಪು, ಮೋಟಾರುಗಳು ಎಷ್ಟು ಸದ್ದು ಮಾಡುತ್ತವೆ ಎಂದು ಪರೀಕ್ಷೆ ಮಾಡುವ ಕೆಲಸ. ಸದ್ದು ಹೆಚ್ಚಾದರೆ ಮಾಲು ವಾಪಸ್ಸು. ಅಳೆಯುವ ಉಪಕರಣಗಳು ಇದ್ದವು, ಆದರೂ ಕೊನೆಯ ಸಹಿಗೆ ಮುಂಚೆ ಇವರು ಒಮ್ಮೆ ಕೇಳಲೇಬೇಕಿತ್ತು. “ಮಷೀನ್ ಅಳೀತೈತ್ರಿ, ಕಿವಿ ಗುರ್ತು ಹಿಡೀತೈತಿ” ಅನ್ನುತ್ತಿದ್ದರು. ಒಮ್ಮೆ ಪರೀಕ್ಷೆಯ ಉಪಕರಣ ಕೊಳ್ಳುವ ಸಲುವಾಗಿ ಜಪಾನಿಗೆ ಹೋಗಿದ್ದರು. ರಜೆಯ ದಿನ ಕೋಬೆ ಬಂದರಿನಲ್ಲಿ ಪ್ರವಾಸಿಗಳ ದೋಣಿ ಹತ್ತಿ ತಿರುಗುವಾಗ, ಹಡಗು ಕಟ್ಟುವ ಅಂಗಳದ ದಂಡೆಗೆ ಕಟ್ಟಿಹಾಕಿದ್ದ ಕಪ್ಪು ಪನ್‌ಡುಬ್ಬಿಯೊಂದು ಕಣ್ಣಿಗೆ ಬಿತ್ತಂತೆ. ಅಷ್ಟೇ. ಅವತ್ತಿನಿಂದ ಅದರ ಧ್ಯಾನ. ನನ್ನ ಮೇಜಿನ ಮೇಲೆ ಬಿಸ್ಕೀಟು, ಚಹಾದ ಲೋಟ ಇಟ್ಟು ಅದರ ಒಳಗನ್ನೆಲ್ಲ ಜೋಡಿಸಿ ತೋರಿಸುತ್ತಿದ್ದರು.

“ನಿಮ್ಮ ಜನರೇಟರೇ ಐತ್ರಿ ಅದರೊಳಗ. ಡೀಸೆಲ್ ಇಂಜಿನ್ ಹಡಗ ನಡಸೂದಿಲ್ಲ, ಬ್ಯಾಟರಿ ತುಂಬತೈತಿ. ಮ್ಯಾಲೆ ಒಂದ್ ಕೊಳವಿ ತಗದು ಉಸಿರು ತಗೋತೈತಿ. ಬ್ಯಾಟರಿ ತುಂಬಿತಂದ್ರ ಇಂಜಿನ್ ಬಂದ್. ಆಮೇಲ ಬರೇ ಮೋಟಾರ್ ಮ್ಯಾಲೆ ನಡೀತೈತಿ, ಬೆಕ್ಕು ನಡದಂಗ.”

ಇಂಜಿನ್ನಿನ ಕೆಳಗೆ ರಬ್ಬರು, ಹಡಗಿನ ಮೈಗೆ ರಬ್ಬರು ಬಿಲ್ಲೆ. ಇಡೀ ಹಡಗನ್ನು ಯೋಚಿಸಿ ಕಟ್ಟಿದ್ದೇ ಯಾರಿಗೂ ಕೇಳಿಸಬಾರದು ಎಂದು. ಅದನ್ನು ಕೇಳುವಾಗ ನಾನು ಅವರ ರಬ್ಬರ್ ಚಪ್ಪಲಿ ನೋಡುತ್ತಿದ್ದೆ. ಸದ್ದು ಮಾಡದವನ ಹತ್ತಿರ ಮುಚ್ಚಿಡುವುದು ಏನೋ ಇರುತ್ತದೆ.

ನನ್ನ ನೆಮ್ಮದಿ ಕೆಡಿಸಿದ್ದು ಮಾತ್ರ ಬೇರೆ ಮಾತು. ಈ ಪನ್‌ಡುಬ್ಬಿಗಳಿಗೆ ಜಪಾನಿನವರು ಸಮುದ್ರದ ಉಬ್ಬರದ, ಹರಿವಿನ ಹೆಸರಿಡುತ್ತಿದ್ದರಂತೆ. ಕೋಬೆಯ ಎರಡು ಕಾರ್ಖಾನೆಗಳು ಪಾಳಿಯ ಮೇಲೆ ಕಟ್ಟುತ್ತಿದ್ದವಂತೆ. ಹೊಸದು ಬಂದ ಹಾಗೆ ಎಲ್ಲಕ್ಕಿಂತ ಹಳೆಯದು ಹೊರಗೆ. ಕೆಲವನ್ನು ಒಂದಷ್ಟು ಕಾಲ ಹೊಸ ಹುಡುಗರ ತರಬೇತಿಗೆ ಇಟ್ಟುಕೊಳ್ಳುತ್ತಾರೆ, ಆಮೇಲೆ ಅದೂ ಮುಗಿಯಿತು.

“ಕೆಟ್ಟಿರ್ತಾವೇನ್ರಿ?” ಎಂದೆ.

“ಇಲ್ರಿ. ಚಲೋ ಇರ್ತಾವು. ಬ್ಯಾರೆ ದೇಶದಾಗ ಅಷ್ಟು ವಯಸ್ಸಿನ ಹಡಗಾ ಇನ್ನಾ ಹರೇದ ಹುಡುಗ.”

“ಮತ್ತ ಯಾರಿಗೆ ಮಾರ್ತಾರ?”

“ಮಾರೂದಿಲ್ಲ. ಒಡೀತಾರ.”

“ಗುಜರಿಗೆ?”

“ಗುಜರಿಗೇ.”

ಆ ದಿನ ನನಗೆ ಊಟ ರುಚಿಸಲಿಲ್ಲ. ನಡೆಯುತ್ತಿರುವ ಇಂಜಿನ್ನು, ನಡೆಯುತ್ತಿರುವ ಮೋಟಾರು! ಹೆಂಡತಿಗೆ ಹೇಳಿದರೆ, “ಜಪಾನ್‌ದಾಗಿಂದು ಹಡಗಾ ಗುಜರಿಗೆ ಹೋದ್ರ ನಿಮಗ್ಯಾಕ್ರಿ ರೊಟ್ಟಿ ಇಳೀವಲ್ದು?” ಎಂದು ನಕ್ಕಳು. ಮರುದಿನ ನಾನು ಜಗಳ ಹೂಡಿದೆ. ಏನೋ ಐಬು ಇರಲೇಬೇಕು, ಹೊರಗೆ ಹೇಳುವುದಿಲ್ಲ ಅಷ್ಟೇ ಎಂದೆ. ಅವರು ಒಂದು ತಂತಿ ತುಂಡನ್ನು ಎತ್ತಿಕೊಂಡು ಬಾಗಿಸಿದರು, ನೆಟ್ಟಗೆ ಮಾಡಿದರು, ಮತ್ತೆ ಬಾಗಿಸಿದರು. ಪನ್‌ಡುಬ್ಬಿ ಆಳಕ್ಕೆ ಹೋದಾಗಲೆಲ್ಲ ನೀರಿನ ಒತ್ತಡಕ್ಕೆ ಉಕ್ಕಿನ ಮೈ ಕೂದಲೆಳೆಯಷ್ಟು ಕುಗ್ಗುತ್ತದೆ, ಮೇಲೆ ಬಂದಾಗ ಹಿಗ್ಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ.

“ಮುರಿಯೂದಕ್ಕ ಮೊದಲಿನ ಕಡೀ ಸಲ ಯಾವ್ದು ಅಂತ ತಂತಿ ಹೇಳಂಗಿಲ್ರಿ. ಅದಕ್ಕ ಮೊದಲ ತಗೀಬೇಕು. ಇನ್ನೊಂದು ಕಾರಣಾನೂ ಐತಿ, ಅದು ನಿಮಗ ತಿಳೀತೈತಿ. ಸತತ ಹೊಸದು ಕಟ್ಟಲಿಲ್ಲಂದ್ರ ಕಾರ್ಖಾನ್ಯಾಗ ವೆಲ್ಡಿಂಗ್ ಮಾಡೋರ ಕೈ ಮರೀತೈತಿ.”

ಎರಡನೆಯ ಕಾರಣ ವ್ಯಾಪಾರದ ಮಾತು, ಒಪ್ಪಿದೆ. ಮೊದಲನೆಯದನ್ನು ಒಪ್ಪಲಿಲ್ಲ. ಆಮೇಲೊಮ್ಮೆ ಅವರೇ ಬಾಯಿ ಬಿಟ್ಟರು: ಹಡಗುಗಳ ಸಂಖ್ಯೆ ಹೆಚ್ಚು ಬೇಕಾಯಿತೆಂದು ಜಪಾನಿನವರು ಹಳೆಯವನ್ನು ಇನ್ನಷ್ಟು ವರ್ಷ ಓಡಿಸತೊಡಗಿದ್ದಾರೆ. ನಾನು ಮೇಜು ಕುಟ್ಟಿದೆ.

“ಬಂದ್ರಲ್ರಿ ದಾರಿಗೆ! ನಮ್ಮಂಗ!”

“ಪರೀಕ್ಷಾ ಮಾಡಿ ಮುಂದುವರಿಸ್ಯಾರ್ರಿ,” ಅಂದರು ಮೆತ್ತಗೆ. “ನಾವು ಮುಂದುವರಿಸಿ ಆಮೇಲ ಪರೀಕ್ಷಾ ಮಾಡ್ತೀವಿ.”

ಇಷ್ಟೇ ಆಗಿದ್ದರೆ ಅವರು ಚಹಾದ ಗೆಳೆಯರಾಗಿ ಉಳಿದಿರುತ್ತಿದ್ದರು. ಆದರೆ ಅವರ ಮಗ ಒಬ್ಬನಿದ್ದ. ಶಂಶಾಬಾದ್ ಏರ್‌ಪೋರ್ಟಿನಲ್ಲಿ ಸಾಮಾನು ಎಳೆಯುವ ಗಾಡಿಗಳ ಮೇಂಟೆನನ್ಸ್ ನೋಡುತ್ತಿದ್ದ. ಅಪ್ಪನನ್ನು ಕರೆದುಕೊಂಡು ಹೋಗಲು ಯಾರ್ಡಿಗೆ ಬರುತ್ತಿದ್ದ. ನನ್ನ ಮಗಳು ಓದು ಮುಗಿಸಿ ಯಾರ್ಡಿನ ವ್ಯವಹಾರ ನೋಡಿಕೊಳ್ಳುತ್ತಿದ್ದಳು. ಅಪ್ಪ ಮನೆಗೆ ಹೋಗಿಯಾದ ಮೇಲೂ ಮಗ ಕರೆದುಕೊಂಡು ಹೋಗಲು ಬರತೊಡಗಿದಾಗ ನನಗೆ ತಿಳಿಯಿತು. ಮಗಳು ಮುಚ್ಚಿಡಲಿಲ್ಲ. ಮಾಡಿಕೊಂಡರೆ ಅವನನ್ನೇ ಎಂದಳು.

ಹುಡುಗ ಒಳ್ಳೆಯವನು. ಜಾತಿ, ಜಾತಕ ಎಲ್ಲ ಕೂಡಿಬಂತು. ನನ್ನನ್ನು ಚುಚ್ಚಿದ್ದು ಒಂದೇ ಮುಳ್ಳು: ಹುಡುಗನ ಅಪ್ಪ ಇನ್ನೂ ಸಾಕಷ್ಟು ಸರ್ವಿಸ್ ಇರುವಾಗಲೇ, ಕೈತುಂಬಾ ಸಂಬಳದ ಕೇಂದ್ರ ಸರಕಾರದ ನೌಕರಿಯನ್ನು ಬಿಟ್ಟು ಯಾಕೆ ಮನೆಗೆ ಬಂದರು? ಅಂಥ ನೌಕರಿಯನ್ನು ಯಾರಾದರೂ ತಾವಾಗಿ ಬಿಡುತ್ತಾರೆಯೇ? ಚೆನ್ನಾಗಿರುವ ಯಂತ್ರವನ್ನು ಯಾರೂ ಮಾರುವುದಿಲ್ಲ.

ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ವಿಚಾರಣೆ ಮಾಡುವ ಪದ್ಧತಿ ಇದೆ. ಹುಡುಗನ ಮನೆಯವರನ್ನು ಬಿಟ್ಟು ಊರನ್ನೆಲ್ಲ ಕೇಳುವುದು. ನಾನು ಅವರ ಹಳೆಯ ಕಾಲನಿಗೆ ಹೋದೆ, ಕಾರ್ಖಾನೆಯ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕೂತೆ, ಅಲ್ಲಿಗೆ ಮಾಲು ಹಾಕುವವರನ್ನು ಮಾತಿಗೆಳೆದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಲಂಚ ತಿಂದು ಸಿಕ್ಕಿಬಿದ್ದರು, ಸದ್ದಿಲ್ಲದೆ ಮನೆಗೆ ಕಳಿಸಿದರು ಎಂದ ಒಬ್ಬ. ಮೇಲಧಿಕಾರಿಯ ಜೊತೆ ದೊಡ್ಡ ಜಗಳವಾಯಿತು ಎಂದ ಇನ್ನೊಬ್ಬ. ಮತ್ತೊಬ್ಬ ಅತ್ತಿತ್ತ ನೋಡಿ, “ಜಪಾನ್ ಗಯೇ ಥೇ ನಾ ಸಾಬ್?”, ಸಾಹೇಬರು ಜಪಾನಿಗೆ ಹೋಗಿದ್ದರಲ್ಲ, ಎಂದಷ್ಟೇ ಹೇಳಿ ಲೋಟ ಇಟ್ಟು ಎದ್ದುಹೋದ. ಅವನು ಹೇಳದೆ ಬಿಟ್ಟದ್ದನ್ನು ನಾನೇ ತುಂಬಿಕೊಂಡೆ: ಅಲ್ಲಿ ಗುಟ್ಟು ಮಾರಿಬಂದರೇ?

ಮನೆ ನೋಡುವ ನೆಪದಲ್ಲಿ ಹೆಂಡತಿಯನ್ನು ಕರೆದುಕೊಂಡು ಗಚ್ಚಿಬೌಲಿಗೆ ಹೋದೆ. ಬಾಗಿಲುಗಳ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟ ಮನೆ. ನಡುಮನೆಯ ಕಪಾಟಿನ ಮೇಲೆ ಅವರೇ ತೇಗದಲ್ಲಿ ಕೆತ್ತಿ ಕಪ್ಪು ಬಣ್ಣ ಹಚ್ಚಿದ ಪನ್‌ಡುಬ್ಬಿ.

“ಅಯ್ಯ, ಬದನಿಕಾಯಿ!” ಎಂದಳು ನನ್ನ ಹೆಂಡತಿ.

“ಹೌದ್ರಿ ಅಕ್ಕಾರ, ಎಣ್ಣಿಗಾಯಿದು,” ಎಂದು ಅವರು ಅದನ್ನು ಎತ್ತಿ ಉದ್ದಕ್ಕೆ ಎರಡು ಹೋಳು ಬಿಡಿಸಿದರು. ಒಳಗೆ ಕೆಳಗಿನ ಅಂಕಣದಲ್ಲಿ ಸಾಲು ಬ್ಯಾಟರಿ, ಹಿಂದೆ ಇಂಜಿನ್ನು, ಮೋಟಾರು, ತುದಿಗೆ ನೀರು ತಳ್ಳುವ ಒಂದೇ ದೊಡ್ಡ ಫಿರಕಿ. “ನೋಡ್ರಿ, ಮಸಾಲಿ ತುಂಬೇತಿ.”

ನನ್ನ ಹೆಂಡತಿ, ಅವರ ಹೆಂಡತಿ ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ರಕ್ಷಣಾ ಕಾರ್ಖಾನೆ ಬಿಟ್ಟ ಮನುಷ್ಯ, ಜಪಾನಿಗೆ ಹೋಗಿಬಂದವರು, ಮನೆಯಲ್ಲಿ ಪನ್‌ಡುಬ್ಬಿಯ ಹೊಟ್ಟೆ ಬಗೆದು ಇಟ್ಟುಕೊಂಡಿದ್ದಾರೆ. ಇದೆಲ್ಲ ನಿಮಗೆ ಎಲ್ಲಿಂದ ಗೊತ್ತು ಎಂದು ಕೇಳಿದೆ. “ಪುಸ್ತಕದಾಗ ಎಲ್ಲಾ ಐತ್ರಿ. ಗುಟ್ಟಿಂದು ಯಾವ್ದೂ ಇಲ್ಲ. ಗುಟ್ಟಿಂದು ಇದ್ದಲ್ಲಿ ನೋಡ್ರಿ, ಖಾಲಿ ಬಿಟ್ಟೀನಿ,” ಎಂದು ಮೂತಿಯ ಕಡೆಯ ಬರಿದಾದ ಜಾಗ ತೋರಿಸಿದರು. ಗುಟ್ಟು ಎಲ್ಲಿದೆ ಎಂದು ಗೊತ್ತಿರುವವರಿಗೆ ಗುಟ್ಟೂ ಗೊತ್ತಿರಬೇಕಲ್ಲವೇ? ಮನೆಗೆ ಬಂದವನೇ ಮಗಳಿಗೆ ಹೇಳಿದೆ, ಕಾರಣ ಗೊತ್ತಾಗುವ ತನಕ ಸಂಬಂಧದ ಮಾತಿಲ್ಲ.

“ಅಪ್ಪಾ, ಊರೆಲ್ಲಾ ಕೇಳಿ ಬಂದಿ, ಅವರನ್ನೊಬ್ಬರನ್ನ ಬಿಟ್ಟು,” ಎಂದಳು. “ಅವರನ್ನ ಕೇಳು.”

“ಮಾರೂವನ್ನ ಕೇಳಿದ್ರ ಮಾಲಿನ ಐಬು ಹೇಳ್ತಾನೇನವಾ?”

“ಅವರು ಏನೂ ಮಾರಾಕ ಬಂದಿಲ್ಲಪಾ.” ಅವಳ ಕಣ್ಣು ತುಂಬಿತ್ತು. “ನೀ ಬ್ಯಾಡಂದ್ರ ನಾ ಓಡಿ ಹೋಗೂದಿಲ್ಲ. ಆದ್ರ ಯಾಕ ಬ್ಯಾಡ ಅಂತ ನನಗ ನೀ ಹೇಳಬೇಕು. ಚಹಾದಂಗಡ್ಯಾವ ಅಲ್ಲ.”

ಕೇಳುವುದು ನನ್ನ ದಾರಿಯಲ್ಲ, ಪರೀಕ್ಷೆ ನನ್ನ ದಾರಿ. ಯಾರ್ಡಿನಲ್ಲಿ ಒಂದು ಜಪಾನಿ ಜನರೇಟರ್ ಇತ್ತು. ಓಡುತ್ತಿತ್ತು, ಆದರೆ ಇಂಜಿನ್ನಿಗೆ ಗಾಳಿ ತಳ್ಳುವ ಟರ್ಬೋದೊಳಗೆ ಸೊಳ್ಳೆಯ ಹಾಡಿನಂಥ ಸಣ್ಣ ಸಿಳ್ಳು. ಕಿವಿಗೆ ಸರಳು ಹಚ್ಚಿದ ಯಾರಿಗಾದರೂ ಕೇಳುತ್ತದೆ. ಇನ್ನೆಷ್ಟು ದಿನವೋ ಗೊತ್ತಿಲ್ಲದ ಮಾಲು. ಅವರನ್ನು ಕರೆಸಿ ಹೇಳಿದೆ: ಒಂದು ನರ್ಸಿಂಗ್ ಹೋಮಿನವರು ಕೊಳ್ಳುತ್ತಾರೆ, ನಿಮ್ಮಂಥ ಇಂಜಿನಿಯರರ ಸಹಿಯ ಸರ್ಟಿಫಿಕೇಟ್ ಇದ್ದರೆ ಸಾಕಂತೆ, ನಿಮ್ಮ ಪಾಲು ನಿಮಗೆ. ನರ್ಸಿಂಗ್ ಹೋಮ್ ಸುಳ್ಳು. ಸಿಳ್ಳು ಕೇಳಿಯೂ ಸಹಿ ಹಾಕಿದರೆ ತಿನ್ನುವ ಮನುಷ್ಯ, ಸಂಬಂಧ ಬೇಡ. ಹಾಕದಿದ್ದರೆ ಮುಂದೆ ನೋಡೋಣ. ಮಗಳು ಟೇಬಲ್ಲಿನ ಹತ್ತಿರ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಅವರು ಸರಳನ್ನು ಹಲ್ಲಿನಲ್ಲಿ ಕಚ್ಚಿದರು. ಬಹಳ ಹೊತ್ತು ಕಚ್ಚಿದರು. ಜಾಗ ಬದಲಿಸಿದರು. ಆಮೇಲೆ, ನಾನು ಎಂದೂ ನೋಡಿರದಂತೆ, ಸರಳನ್ನು ಕಿವಿಗೆ ಹಚ್ಚಿದರು. ಒಂದು ಕಿವಿ, ಇನ್ನೊಂದು ಕಿವಿ.

“ನಾ ಸಹಿ ಹಾಕೂದಿಲ್ರಿ.”

“ಯಾಕ್ರಿ, ಏನ್ ಐಬೈತಿ?”

“ಏನೂ ಐಬು ಕಾಣವಲ್ದು.”

ಐಬಿಲ್ಲ, ಸಹಿಯೂ ಇಲ್ಲ! ಇದರ ಅರ್ಥ ನನ್ನ ಕಸುಬಿನಲ್ಲಿ ಒಂದೇ: ಚೌಕಾಸಿ. ಪಾಲು ಹೆಚ್ಚಿಸಿದೆ. ತಲೆ ಆಡಿಸಿದರು. ಮತ್ತೆ ಹೆಚ್ಚಿಸಿದೆ, ಸುಮ್ಮನಿದ್ದರು. ಪಕ್ಕಾ ಆಟಗಾರ, ಅನಿಸಿತು. ಸುಮ್ಮನಿರುವವನೇ ಚೌಕಾಸಿಯಲ್ಲಿ ಗೆಲ್ಲುವುದು. ಮೂರನೆಯ ಸಲ ಬಾಯಿ ತೆರೆದಾಗ ಅವರು ನನ್ನ ಕಡೆ ನೋಡಲೇ ಇಲ್ಲ. ಸರಳನ್ನು ಒರೆಸಿ ಮಗಳ ಮುಂದೆ ಹಿಡಿದರು.

“ನೀ ಕೇಳವಾ.”

ಮಗಳು ಟರ್ಬೋಗೆ ಸರಳು ಒತ್ತಿ ಕಿವಿ ಕೊಟ್ಟಳು. “ಸಿಳ್ಳು ಐತ್ರಿ. ಸಣ್ಣದು. ಸೊಳ್ಳಿ ಗುಂಯ್ ಅಂದಂಗ.”

“ಇರಬೇಕು,” ಅಂದರು. “ನಿಮ್ಮಪ್ಪನ ಮುಖಾ ನೋಡಿದ್ರ ಇರಬೇಕು ಅಂತ ನನಗೂ ಅನಸ್ತು. ಆದ್ರ ನನಗ ಕೇಳಸವಲ್ದವಾ.” ಆಮೇಲೆ ನನ್ನ ಕಡೆ ತಿರುಗಿದರು. “ಸಣ್ಣ ಸಪ್ಪಳ ಹೋಗ್ಯಾವ್ರಿ ನನಗ. ದಪ್ಪ ಸಪ್ಪಳ ಹಲ್ಲಿನಾಗ ಹಿಡೀತೀನಿ. ಸಣ್ಣವು ಹಲ್ಲಿಗೂ ಬರೂದಿಲ್ಲ.”

ಮಿಸ್ತ್ರಿ ಇಂಜಿನ್ ನಿಲ್ಲಿಸಿ ಹೊರಗೆ ಹೋದ. ನಾನು ಅವರ ಎದುರು ಸ್ಟೂಲ್ ಎಳೆದುಕೊಂಡು ಕೂತೆ. ಆಗ ಕೇಳಿದೆ, ಊರೆಲ್ಲ ಕೇಳಿದ್ದನ್ನು ಅವರನ್ನೇ: “ಯಾಕ್ರಿ ಬಿಟ್ರಿ ನೌಕರಿ?”

ಉತ್ತರ ಕೊಡುವ ಮುಂಚೆ ಅವರು ಎತ್ತ ನೋಡಿದರು ಎಂದು ಗಮನಿಸಿದೆ. ಎತ್ತಲೂ ನೋಡಲಿಲ್ಲ. ನನ್ನನ್ನೇ ನೋಡಿದರು.

ಒಂದು ದಿನ ಪಂಪಿನ ಪರೀಕ್ಷೆಯಲ್ಲಿ ಕೈಕೆಳಗಿನ ಇಂಜಿನಿಯರ್ ಒಬ್ಬಳು, “ಸರ್, ಕೊನೆಯಲ್ಲಿ ಒಂದು ಸಿಳ್ಳು ಬರ್ತಿದೆ” ಎಂದಳಂತೆ. ಇವರಿಗೆ ಕೇಳಿಸಲಿಲ್ಲ. ಉಪಕರಣ ನೋಡಿದರೆ, ಸಿಳ್ಳು ಇದೆ, ಆದರೆ ಮಿತಿಯೊಳಗೆ ಇದೆ. ಏನೂ ತಪ್ಪಾಗಿರಲಿಲ್ಲ. ಆದರೂ ತಾವು ಇತ್ತೀಚೆಗೆ ಸಹಿ ಹಾಕಿದ ಮಾಲನ್ನೆಲ್ಲ ಮತ್ತೆ ಪರೀಕ್ಷೆ ಮಾಡಿಸಬೇಕು ಎಂದು ಹಟ ಹಿಡಿದರು. ಮೇಲಧಿಕಾರಿಯ ಜೊತೆ ಜಗಳ ಆದದ್ದು ಅದಕ್ಕೇ. ತಮ್ಮದೇ ಸಹಿಯನ್ನು ತಾವೇ ನಂಬದ ಮನುಷ್ಯ ಏನೋ ತಿಂದಿರಬೇಕು ಎಂಬ ಮಾತು ಹುಟ್ಟಿದ್ದೂ ಅಲ್ಲೇ. ಮಾಲೆಲ್ಲ ಸರಿಯಾಗಿಯೇ ಬಂತು. ಅದು ಖಾತ್ರಿಯಾದ ಮೇಲೆ ಇವರು ನಿವೃತ್ತಿಗೆ ಅರ್ಜಿ ಕೊಟ್ಟರು.

“ಕಿವಿ ಹೋಗೈತಿ ಅಂತ ಹೇಳಬಾರದಾಗಿತ್ತೇನ್ರಿ? ಮಂದಿ ಬಾಯಿ ಮುಚ್ಚತಿತ್ತು.”

“ಹೇಳಿದ್ರ ಬಿಡತಿದ್ದಿಲ್ರಿ. ‘ಇರ್ಲಿ ಸಾರ್, ಮಷೀನ್ ಐತಲ್ಲ, ನೀವು ಸಹಿ ಅಷ್ಟ ಮಾಡ್ರಿ’ ಅಂತಿದ್ರು. ಇನ್ನೊಂದ್ ವರ್ಷ, ಮತ್ತೊಂದ್ ವರ್ಷ. ನಾನೂ ಹೂಂ ಅಂತಿದ್ದೆ. ನನ್ನ ನನಗ ನಂಬಿಕಿ ಇರಲಿಲ್ರಿ. ಅದಕ್ಕ ಹೇಳಲೇ ಇಲ್ಲ.”

ಮನೆಯಲ್ಲಿ ಹೆಂಡತಿಗೆ ಗೊತ್ತಂತೆ, ಮಗನಿಗೂ ಹೇಳಿಲ್ಲವಂತೆ. ಯಾರಿಗೂ ಹೇಳಬೇಡಿ ಎಂದು ನನ್ನ ಮತ್ತು ಮಗಳ ಹತ್ತಿರ ಮಾತು ತೆಗೆದುಕೊಂಡರು. ಪರೀಕ್ಷೆ ಮಾಡಿದ್ದಕ್ಕೆ ಒಂದು ಮಾತೂ ಆಡಲಿಲ್ಲ. ಹೋಗುವಾಗ ಮಾತ್ರ, “ಕಡೀಕ ಹೇಳಿದ ಪಾಲು ಭಾಳ ದೊಡ್ಡದಿತ್ರಿ,” ಎಂದು ನಕ್ಕರು. ನಾನು ಮಾಡಿದ್ದು ತಪ್ಪು ಎಂದು ಈಗಲೂ ನನಗೆ ಅನಿಸುವುದಿಲ್ಲ. ಮಗಳನ್ನು ಕೊಡುವ ಮನೆ. ನೀವೂ ಪರೀಕ್ಷೆ ಮಾಡಿಯೇ ಕೊಡಿ.

ಕೊಟ್ಟೆ. ಮದುವೆಯಲ್ಲಿ ಬ್ಯಾಂಡಿನವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಬೀಗರು ಆರಾಮವಾಗಿ ಕೂತಿದ್ದರು. ಎಲ್ಲರೂ ಕಿವಿ ಮುಚ್ಚಿಕೊಂಡು ಆಚೆ ಓಡುತ್ತಿದ್ದರೆ ಅವರೊಬ್ಬರೇ ತಾಳ ಹಾಕುತ್ತಿದ್ದರು. ಯಾಕೆ ಎಂದು ಗೊತ್ತಿದ್ದವರು ಆ ಮಂಟಪದಲ್ಲಿ ಕೆಲವರೇ. ಆಮೇಲೂ ಸಂಜೆಗೆ ಯಾರ್ಡಿಗೆ ಬರುವುದು ತಪ್ಪಲಿಲ್ಲ. ತಮ್ಮ ಸರಳನ್ನು ಮಾತ್ರ ಸೊಸೆಯ ಟೇಬಲ್ಲಿನ ಮೇಲೆ ಬಿಟ್ಟುಬಿಟ್ಟರು. ಅವಳು ಕೇಳಿ ಹೇಳುತ್ತಿದ್ದಳು, ಅವರು ತಲೆದೂಗುತ್ತಿದ್ದರು.

ತೀರಿಕೊಂಡ ದಿನ ಕಾರ್ಖಾನೆಯ ಹಳಬರು ಕೆಲವರು ಬಂದಿದ್ದರು. ಅವರಲ್ಲೊಬ್ಬ ನನ್ನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ, “ಜಪಾನಿನ ವಿಷಯ ನಿಮಗೆ ಗೊತ್ತಿದೆಯಲ್ಲ?” ಎಂದ. ಕೊಟ್ಟ ಮಾತು ನೆನಪಿಗೆ ಬಂತು. “ಗೊತ್ತೈತ್ರಿ,” ಅಂದೆ, “ಎಲ್ಲಾ ಗೊತ್ತೈತಿ.” ತನ್ನ ಗುಮಾನಿಯೇ ನಿಜವಾಯಿತೆಂದು ಅವನಿಗೆ ಖುಷಿಯಾಯಿತು. ಆ ಖುಷಿಯ ಮುಖವನ್ನು ಇವತ್ತಿಗೂ ಮರೆತಿಲ್ಲ. ಹೇಳಬೇಡಿ ಎಂದು ಮಾತು ತೆಗೆದುಕೊಂಡವರು ಹೋದರು, ಮಗನಿಗೂ ಈಗ ಗೊತ್ತಾಗಿದೆ. ಅದಕ್ಕೇ ಹೆಸರು ಹಾಕದೆ ಇಷ್ಟು ಬರೆದೆ.

ಮೊನ್ನೆ ಯಾರ್ಡಿಗೆ ಒಂದು ಹೊಸ ಮಾಲು ಬಂತು, ಎಂದರೆ ಹಳೆಯ ಮಾಲು. ಮಗಳು ಬೇರೆ ಗಿರಾಕಿಯ ಜೊತೆ ಇದ್ದಳು. ನಾನು ಅವಳ ಟೇಬಲ್ಲಿನಿಂದ ಬೀಗರ ಸರಳನ್ನು ತೆಗೆದುಕೊಂಡು ಹೋಗಿ ಇಂಜಿನ್ನಿಗೆ ಒತ್ತಿದೆ. ಕಿವಿಗೆ ಹಚ್ಚಿದೆ. ಅಷ್ಟು ಸ್ಪಷ್ಟವಾಗಲಿಲ್ಲ. ಪಕ್ಕದ ಶೆಡ್ಡಿನ ಗದ್ದಲ ಇರಬೇಕು. ಯಾರೂ ನೋಡುತ್ತಿಲ್ಲ ಎಂದುಕೊಂಡು ಸರಳನ್ನು ಹಲ್ಲಿನಲ್ಲಿ ಕಚ್ಚಿದೆ.

ಕಣ್ಣು ತೆರೆದಾಗ ಮಗಳು ಎದುರಿಗೆ ನಿಂತಿದ್ದಳು.

“ಯಾಕಪಾ, ಕೇಳಸವಲ್ದೇನು?”

ನಾನು ಗೇಟಿನ ಕಡೆ ನೋಡಿದೆ. ಆಮೇಲೆ ಹೇಳಿದೆ: “ಕೇಳಸ್ತೈತಲ್ಲ. ಎಲ್ಲಾ ಚಲೋ ಐತಿ.”

ಅವಳು ಇಂಜಿನ್ನನ್ನು ನೋಡಲಿಲ್ಲ. ನನ್ನ ಕಣ್ಣು ಎಲ್ಲಿಗೆ ಹೋಗಿತ್ತೋ ಆ ಗೇಟನ್ನು ಒಮ್ಮೆ ನೋಡಿ, ಸರಳಿಗೆ ಕೈ ಚಾಚಿದಳು.